ಹದಿನಾಲ್ಕು ಪುಟಕ್ಕೊಂದು ಕೋಟು

ನಮ್ಮ ಮನೆಯಲ್ಲಿ ವಾಕ್ಯ ಆರಂಭಿಸುವ ಹಕ್ಕು ನನ್ನದು, ಮುಗಿಸುವ ಹಕ್ಕು ನನ್ನ ಹೆಂಡತಿಯದು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನನ್ನ ಮಾತು ಕ್ರಿಯಾಪದದವರೆಗೆ ತಲುಪಿದ ದಾಖಲೆಯಿಲ್ಲ. ಹಾಗಾಗಿ ನಮ್ಮ ನೀರು ಸರಬರಾಜು ಕಚೇರಿಯ ಸಾಹೇಬರು ನಿವೃತ್ತರಾಗಿ, ಬೀಳ್ಕೊಡುಗೆ ಭಾಷಣ ನನ್ನ ಪಾಲಿಗೆ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇನ್ನೂರು ಜನ ಕೇಳುಗರು, ಕೈಗೊಂದು ಮೈಕು. ಹೆಂಡತಿಯೂ ಬರುತ್ತಾಳೆ ನಿಜ, ಆದರೆ ಕುಟುಂಬಗಳಿಗೆ ಏಳನೆಯ ಸಾಲು.

ಹದಿನಾಲ್ಕು ಪುಟ ಬರೆದೆ. ಭೂಮಿಯ ಮೇಲೆ ನೀರು ಹುಟ್ಟಿದಲ್ಲಿಂದ ಶುರು. (ಸಾಹೇಬರು ಒಂಬತ್ತನೆಯ ಪುಟದಲ್ಲಿ ಬರುತ್ತಾರೆ.) ಇಂಥ ಘನಗಂಭೀರ ಭಾಷಣಕ್ಕೆ ಕೋಟು ಬೇಡವೇ?

"ಒಂದಿನದ ವೈಭವಕ್ಕೆ ಹೊಸ ಕೋಟಾ?" ಎಂದ ನನ್ನ ಹೆಂಡತಿ, ಬಸ್ ನಿಲ್ದಾಣದ ಹಿಂದಿನ ಹಳೇ ಬಟ್ಟೆ ಅಂಗಡಿಯಿಂದ ಬೂದು ಬಣ್ಣದ್ದೊಂದನ್ನು ಎತ್ತಿಕೊಂಡು ಬಂದಳು. ಅದು ಕೋಟಲ್ಲ, ತೋಳಿರುವ ಡೇರೆ. ಹಿಂದಿನ ಯಜಮಾನ ಒಬ್ಬನೇ ಇದ್ದನೋ, ಸಂಸಾರ ಸಮೇತ ಅದರಲ್ಲಿ ವಾಸವಿದ್ದನೋ ತಿಳಿಯದು.

"ನನಗಿದು ಸ್ವಲ್ಪ..."

"ದೊಡ್ಡದು, ಗೊತ್ತು. ಹೊಲಿಗೆ ಮಿಷನ್ ಮನೇಲಿ ಶೋಕಿಗೆ ಇಟ್ಕೊಂಡಿದೀನಾ?" ಎನ್ನುತ್ತ ಟೇಪು ತೆಗೆದಳು. "ಮೂರು ತಿಂಗಳಿಂದ ವಾಕಿಂಗ್ ಹೋಗ್ತಿದೀರಲ್ಲ, ಎಷ್ಟು ಇಳಿದಿದೆ ನೋಡೇಬಿಡೋಣ."

ಇಲ್ಲಿ ಓದುಗರಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ನಾನು ಬೆಳಿಗ್ಗೆ ಬೂಟು ಕಟ್ಟಿಕೊಂಡು ಹೊರಡುವುದು ನಿಜ. ಆದರೆ ಆ ನಡಿಗೆ ಮೂಲೆಯ ಚಹಾ ಅಂಗಡಿಯ ಬೆಂಚಿನವರೆಗೆ ಮಾತ್ರ. ಅಲ್ಲಿ ಎರಡು ಬನ್ನು, ಮೂರು ಚಹಾ, ನಾಲ್ಕು ಪತ್ರಿಕೆ. ಟೇಪು ಸೊಂಟಕ್ಕೆ ಬಂದ ಕೂಡಲೇ ನಾನು ಹೊಟ್ಟೆಯನ್ನು ಬೆನ್ನಿನ ಕಡೆಗೆ ಕಳುಹಿಸಿ ಉಸಿರು ಬಿಗಿಹಿಡಿದೆ.

"ಮೂವತ್ತಾರೂವರೆ," ಎಂದಳು. ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ಪರ್ವಾಗಿಲ್ವೇ. ನಾನೇ ಸುಮ್ನೆ ಅನುಮಾನ ಪಟ್ಟೆ."

ಹತ್ತೊಂಬತ್ತು ವರ್ಷಗಳಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ಸುಖದಲ್ಲಿ ಉಸಿರು ಬಿಡುವುದೇ ಮರೆತಿತ್ತು.

ಅವಳು ಬೆನ್ನಿನ ಹೊಲಿಗೆ, ಪಕ್ಕದ ಹೊಲಿಗೆ ಎಲ್ಲ ಬಿಚ್ಚಿ ಕತ್ತರಿ ಹಿಡಿದು ಕೂತಳು. "ಒಳಗೊಂದೆರಡು ಇಂಚು ಬಿಟ್ಟಿರು, ಮುಂದೆ ಬೇಕಾದ್ರೆ..." ಎಂದೆ.

"ಮುಂದೆ ಇನ್ನೂ ಇಳಿಯುತ್ತೆ," ಎಂದು ಕಚಕ್ಕನೆ ಕತ್ತರಿಸಿದಳು. ಉಳಿದ ಬಟ್ಟೆಯಲ್ಲಿ ಮಗಳಿಗೆ ಎರಡು ಜೇಬಿನ ತೋಳಿಲ್ಲದ ಜಾಕೆಟ್ಟೇ ಆಯಿತು. ಉಸಿರು ಹಿಡಿದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತೆ. ಸೊಗಸಾಗಿತ್ತು. ಆದರೆ ಮನುಷ್ಯ ಎಷ್ಟು ಹೊತ್ತು ಸೊಗಸಾಗಿರಬಲ್ಲ?

ಸಮಾರಂಭದ ದಿನ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತೆ. ಒಳಜೇಬಿನಲ್ಲಿದ್ದ ಭಾಷಣಕ್ಕೆ ಕೈ ಹಾಕಿದರೆ ಕೈ ಒಳಗೆ ಹೋಗಲೊಲ್ಲದು. ಕೋಟಿಗೂ ನನಗೂ ನಡುವೆ ಹದಿನಾಲ್ಕು ಪುಟ ಹೇಗೆ ಹಿಡಿಸಿದವೋ, ಅದಕ್ಕಿಂತ ಹೆಚ್ಚಿಗೆ ಒಂದು ಬೆರಳೂ ಹಿಡಿಸುವಂತಿರಲಿಲ್ಲ. ಗುಂಡಿ ಬಿಚ್ಚೋಣವೆಂದರೆ ಏಳನೆಯ ಸಾಲಿನಲ್ಲಿ ಅವಳು ಕಣ್ಣರಳಿಸಿ ಕೂತಿದ್ದಾಳೆ. ಇಲ್ಲಿ ಗುಂಡಿ ಬಿಚ್ಚಿದರೆ ಮೂರು ತಿಂಗಳ ವಾಕಿಂಗಿನ ಬಂಡವಾಳವೂ ಬಿಚ್ಚಿಕೊಳ್ಳುತ್ತದೆ.

ಬಾಯಿಪಾಠವಿದ್ದಷ್ಟು ಹೇಳೋಣವೆಂದು ಹೊರಟೆ. ಒಂದು ಉಸಿರಿಗೆ ಎರಡು ಪದ ಮಾತ್ರ ಮಂಜೂರಾಗುತ್ತಿತ್ತು.

"ಸಾಹೇಬರು... ಹೊರಟರು." ವಿರಾಮ. "ಒಳ್ಳೆಯವರು." ದೀರ್ಘ ವಿರಾಮ. ಕಣ್ಣಲ್ಲಿ ದಳದಳನೆ ನೀರು ಬಂತು. "ಇನ್ನು... ಆಗುವುದಿಲ್ಲ."

ಲೆಕ್ಕಪತ್ರ ವಿಭಾಗದ ಕಲ್ಲುಮನಸ್ಸಿನ ಮೇಡಂ ಕೂಡ ಕರ್ಚೀಫು ತೆಗೆದರು. ಸಾಹೇಬರು ಎದ್ದು ಬಂದು ನನ್ನನ್ನು ಅಪ್ಪಿಕೊಂಡು (ಅದೊಂದು ಬಾಕಿಯಿತ್ತು) ಹೇಳಿದರು: "ಇಷ್ಟು ಮನಸಾರೆ ಯಾರೂ ಮಾತಾಡಿಲ್ಲಪ್ಪ. ಇನ್ಮೇಲೆ ಕಚೇರಿ ಭಾಷಣ ಎಲ್ಲ ನಿಮ್ದೇ, ಹೊಸ ಸಾಹೇಬರಿಗೂ ಹೇಳಿ ಹೋಗ್ತೀನಿ. ಹೀಗೇ ಚುಟುಕಾಗಿ ಇರ್ಲಿ." ಇನ್ನೂ ಹದಿನಾಲ್ಕು ಪುಟ ಇದೆಯೆಂದು ಹೇಳಬೇಕೆಂದಿದ್ದೆ. ಉಸಿರಿರಲಿಲ್ಲ. ಜೀವಮಾನದಲ್ಲಿ ಒಮ್ಮೆ ಪೂರ್ತಿ ಮಾತಾಡುವ ಆಸೆ ಚಪ್ಪಾಳೆಯಲ್ಲಿ ಮುಳುಗಿಹೋಯಿತು. ನನಗೆ ನಿಜವಾಗಿಯೂ ಅಳು ಬಂದದ್ದು ಆಗ.

ಮನೆಗೆ ಬಂದು ತಾಯಿ-ಮಗಳು ಇಬ್ಬರೂ ಸೇರಿ ಎಳೆದ ಮೇಲೆ ಕೋಟು ಕಳಚಿತು. ಹೊಟ್ಟೆ ಸ್ವಸ್ಥಾನಕ್ಕೆ ಮರಳಿತು. ಹೆಂಡತಿ ಟೇಪು ಸುತ್ತಿ ನೋಡಿದಳು.

"ನಲವತ್ತೊಂದು."

"ಅದೇನಾಯ್ತು ಅಂದ್ರೆ..."

ಅವಳು ಬೈಯಲಿಲ್ಲ. ಕೋಟನ್ನು ಜೋಪಾನವಾಗಿ ಮಡಿಸಿಟ್ಟು, "ಎರಡೆರಡೇ ಪದ. ಕೇಳೋಕೆ ಎಷ್ಟು ಹಿತವಾಗಿತ್ತು," ಎಂದಳು. ನನಗೆ ದಿಗಿಲಾಯಿತು.

ಮರುದಿನ ಕಚೇರಿಯಿಂದ ಬಂದಾಗ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಅದೇ ಅಂಗಡಿಯ ಐದು ಷರ್ಟುಗಳಿದ್ದವು.

"ಇಷ್ಟೊಂದು ಯಾರಿಗೆ?" ಎಂದೆ.

"ನಿಮಗೇ. ಮನೇಲಿ ಹಾಕ್ಕೊಳ್ಳೋಕೆ."

"ಅಳತೆ..."

ಅವಳು ಕತ್ತರಿ ಎತ್ತಿಕೊಂಡು ಮಗಳ ಕಡೆ ನೋಡಿದಳು. ಮಗಳು ನೋಟ್‌ಬುಕ್ ತೆರೆದು ಓದಿದಳು: "ಮೂವತ್ತಾರೂವರೆ."