ನೇರಳೆ ಬಾಯಿಯ ಕಾಂಪೌಂಡರ್

ಬಾಯಿ ಹುಣ್ಣಿನಿಂದ ಯಾರೂ ಸತ್ತದ್ದನ್ನು ನಾನು ಕಾಣೆ. ಆದರೆ ಬಾಯಿ ಹುಣ್ಣಾದವರು ಪಡುವ ಫಜೀತಿ ಆಸ್ಪತ್ರೆಯ ಕೆಲಸದಲ್ಲಿ ವಾರಕ್ಕೊಂದಾದರೂ ನೋಡಲು ಸಿಗುತ್ತಿತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷದ ಆಚೀಚೆ ನಾನು ನಮ್ಮ ಸೀಮೆಯ ಸಣ್ಣ ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿದ್ದೆ. ಹುಣ್ಣಿಗೆ ನನ್ನ ಬಳಿ ಇದ್ದದ್ದು ಒಂದೇ ಔಷಧ, ಬಾಯೊಳಗೆ ಬಳಿಯುವ ನೇರಳೆ ಬಣ್ಣದ ನೀರು. ಜನ ‘ಉಷ್ಣ ಸ್ವಾಮಿ’ ಎಂದು ಮಜ್ಜಿಗೆ, ಗಸಗಸೆ, ಸೊಪ್ಪಿನ ಮಾತೆತ್ತಿದರೆ, ‘ಸೊಪ್ಪು ಮೇಯೋಕೆ ನೀವೇನು ಮೇಕೆನಾ?’ ಎಂದು ರೇಗುತ್ತಿದ್ದೆ. ಆ ಜಂಬದಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಶಿರಾದ ಪಥ್ಯ

ಶಿರಾದಲ್ಲಿ ಬಳೆ ಅಂಗಡಿಯ ಸಾಹೇಬರೊಬ್ಬರು ಬಾಯಿ ತುಂಬ ಹುಣ್ಣು ಮಾಡಿಕೊಂಡು ಬಂದರು. ಔಷಧ ಬಳಿದು, ‘ಎಲೆ ಅಡಿಕೆ ಬಿಡಿ, ಖಾರ ಬಿಡಿ. ಮೂರು ದಿನ ಬರೀ ಮೊಸರನ್ನ’ ಎಂದೆ. ನಾಲ್ಕನೆಯ ದಿನ ಬಂದಾಗ ಹುಣ್ಣು ಇನ್ನೂ ಕೆಂಪಾಗಿತ್ತು.

‘ಎಲೆ ಅಡಿಕೆ ಹಾಕಿದ್ರಾ?’

‘ಬಿಲ್ಕುಲ್ ಇಲ್ಲ ಸಾಬ್.’

‘ಖಾರ?’

‘ತೌಬಾ! ಮುಟ್ಟೇ ಇಲ್ಲ. ಮೂರು ಹೊತ್ತೂ ಮೊಸರನ್ನ, ಅದರ ಜೊತೆ ಮಾವಿನಕಾಯಿ ಉಪ್ಪಿನಕಾಯಿ.’

‘ಉಪ್ಪಿನಕಾಯಿ ಖಾರ ಅಲ್ವೇನ್ರೀ?’

ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು. ‘ಅದು ಮೊಸರನ್ನಕ್ಕೆ ಹಾಕಿದ್ದು ಸಾಬ್, ಹುಣ್ಣಿಗಲ್ಲ.’

ಕೊರಟಗೆರೆಯ ಹಿತ್ತಲ ಬಾಗಿಲು

ಕೊರಟಗೆರೆಯಲ್ಲಿ ನಮ್ಮ ಡಾಕ್ಟರಿಗೂ ಸಿದ್ದರಬೆಟ್ಟದ ಕಡೆಯ ಒಬ್ಬ ನಾಟಿ ವೈದ್ಯನಿಗೂ ಎಣ್ಣೆ ಸೀಗೆಕಾಯಿ. ವೈದ್ಯ ಹುಣ್ಣಿಗೆ ಬೆಟ್ಟದ ಸೊಪ್ಪು ಕೊಡುತ್ತಿದ್ದ. ‘ಅವನ ಹತ್ತಿರ ಹೋದವರು ಇಲ್ಲಿಗೆ ಕಾಲಿಡಬೇಡಿ’ ಎಂದು ಡಾಕ್ಟರು ರೋಗಿಗಳನ್ನು ಗದರಿಸುತ್ತಿದ್ದರು.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಅದೇ ವೈದ್ಯ, ಬಾಯಿಗೆ ಟವೆಲ್ ಅಡ್ಡ ಹಿಡಿದು ನಿಂತಿದ್ದಾನೆ.

‘ಬಾಯೆಲ್ಲಾ ಹುಣ್ಣು ಸ್ವಾಮಿ. ಆ ನೀಲಿ ಔಸ್ದಿ ಒಂಚೂರು ಬಳ್ದ್‌ಬುಡಿ. ಯಾರ್ಗೂ ಏಳ್ಬ್ಯಾಡಿ.’

ನನಗೆ ಒಳಗೊಳಗೇ ಖುಷಿ. ‘ಯಾಕಯ್ಯಾ, ನಿನ್ನ ಸೊಪ್ಪು ಕೆಲಸ ಮಾಡಲಿಲ್ವಾ?’

‘ಮಾಡ್ತದೆ ಸ್ವಾಮಿ. ಆದ್ರೆ ಇದ್ದಿದ್ದನ್ನೆಲ್ಲಾ ನೆನ್ನೆ ನಿಮ್ ಡಾಕ್ಟ್ರೇ ಬಂದು ಇಸ್ಕೊಂಡೋದ್ರು.’

ಹೊಸಕೋಟೆಯ ಉಪ್ಪಿಟ್ಟು

ಮಧುಗಿರಿಗೆ ವರ್ಗವಾದಾಗ ನನಗೆ ಇಪ್ಪತ್ತೇಳು ವರ್ಷ. ಹೋಟೆಲ್ ಊಟ ಮಾಡಿಕೊಂಡು, ಸೊಪ್ಪಿನ ಮುಖವನ್ನೇ ಕಾಣದೆ ಕಾಲ ಹಾಕುತ್ತಿದ್ದೆ. ಅಷ್ಟರಲ್ಲಿ ಮೂರು ಹೆಣ್ಣು ತಪ್ಪಿಹೋಗಿದ್ದವು. ನಾಲ್ಕನೆಯದು ವೈ.ಎನ್. ಹೊಸಕೋಟೆಯದು, ಫೋಟೋ ನೋಡಿಯೇ ನಾನು ಮನಸೋತಿದ್ದೆ. ಹೆಣ್ಣು ನೋಡಲು ಹೋಗುವ ದಿನವೇ ನಾಲಿಗೆಯ ಮೇಲೆ ಮೂರು, ತುಟಿಯೊಳಗೆ ಎರಡು ಹುಣ್ಣು! ಗಾಬರಿಯಲ್ಲಿ ನೇರಳೆ ಔಷಧವನ್ನು ಧಾರಾಳವಾಗಿ ಬಳಿದುಕೊಂಡೆ. ಆಮೇಲೆ ಕನ್ನಡಿ ನೋಡಿ, ಇವತ್ತು ಬಾಯಿ ತೆರೆಯಲೇಬಾರದು ಎಂದು ನಿಶ್ಚಯಿಸಿಕೊಂಡು ಸೋದರಮಾವನ ಜೊತೆ ಬಸ್ಸು ಹತ್ತಿದೆ.

ಹುಡುಗಿಯ ಅಜ್ಜಿ ಎದುರಿಗೇ ಕೂತು, ಆ ಗಡಿ ಸೀಮೆಯ ತೆಲುಗು ಬೆರೆಸಿ, ‘ಏಂ ನಾಯನಾ, ಕೆಲ್ಸ ಹೆಂಗೈತೆ?’ ಎಂದರು. ನಾನು ತಲೆಯಾಡಿಸಿದೆ. ‘ಸಂಕೋಚದ ಹುಡುಗ’ ಎಂದರು ಮಾವ. ಉಪ್ಪಿಟ್ಟು ಬಂತು. ಹೆಣ್ಣಿನ ಮನೆಯ ಉಪ್ಪಿಟ್ಟು ಮುಟ್ಟದಿದ್ದರೆ ಹೆಣ್ಣನ್ನು ಒಪ್ಪಿಲ್ಲವೆಂದೇ ಲೆಕ್ಕ. ದೇವರ ಮೇಲೆ ಭಾರ ಹಾಕಿ ಒಂದು ತುತ್ತು ಬಾಯಿಗಿಟ್ಟೆ. ಹಸಿಮೆಣಸಿನಕಾಯಿ ನೇರವಾಗಿ ಹುಣ್ಣಿಗೇ ತಗುಲಿತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

‘ಅಯ್ಯಯ್ಯೋ, ಅಳ್ತಾವ್ನಲ್ಲಾ! ಬಲವಂತವಾಗಿ ಕರ್ಕೊಂಡ್ ಬಂದೀರಾ?’ ಎಂದು ಅಜ್ಜಿ ಮಾವನ ಮೇಲೆ ಹರಿಹಾಯ್ದರು.

ಈ ಹೆಣ್ಣೂ ತಪ್ಪಿತಲ್ಲ ಎನ್ನಿಸಿತು. ‘ಇಲ್ಲ, ಇಲ್ಲ, ನನಗೆ ಒಪ್ಪಿಗೆ!’ ಎಂದು ಕೂಗಿಯೇ ಬಿಟ್ಟೆ.

ನೇರಳೆ ನಾಲಿಗೆ, ನೇರಳೆ ಹಲ್ಲು ಕಂಡದ್ದೇ ಅಜ್ಜಿ ಎದ್ದು ನಿಂತರು. ‘ರಾಮ ರಾಮಾ! ವಿಷ ಕುಡ್ಕೊಂಡ್ ಬಂದವ್ನೆ! ಗಾಡಿ ಕಟ್ರಪ್ಪಾ!’

ಆಗ ಬಾಗಿಲ ಹಿಂದಿನಿಂದ ಹುಡುಗಿ ಬಂದಳು. ‘ವಿಷ ಅಲ್ಲ ಕಣಜ್ಜೀ, ಬಾಯಿ ಹುಣ್ಣಿಗೆ ಆಸ್ಪತ್ರೇಲಿ ಬಳಿಯೋ ಔಸ್ದಿ’ ಎಂದು ಸರಸರನೆ ಹಿತ್ತಲಿಗೆ ಹೋಗಿ, ಒಂದು ಹಿಡಿ ಗಣಿಕೆ ಸೊಪ್ಪು ತೊಳೆದು ತಂದಳು. ‘ಅಗ್ದು ರಸ ಬಾಯಲ್ಲೇ ಇಟ್ಕೊಳ್ಳಿ. ದಿನಾ ಎರಡು ಹೊತ್ತು.’

ಊರಿಗೆಲ್ಲ ಮೇಕೆಯ ಮಾತು ಹೇಳಿದ್ದ ನಾನು ಎಲ್ಲರೆದುರು ಮೇಕೆಯ ಹಾಗೆಯೇ ಮೇಯ್ದೆ. ಉರಿ ತಣ್ಣಗಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

‘ವಾಸಿ ಆದ್ಮ್ಯಾಲೆ ಬಾ ನಾಯನಾ. ನಿನ್ ಮಾತು ಕೇಳಿ ಆಮ್ಯಾಲೆ ಹೇಳ್ತೀವಿ’ ಎಂದರು ಅಜ್ಜಿ.

ಮುಂದಿನ ವಾರ ಹೋದೆ. ಹೋದ ಸಲ ಬಾಕಿ ಉಳಿದಿದ್ದನ್ನೆಲ್ಲ ಸೇರಿಸಿ ಮಾತಾಡಿದೆ. ಶಿರಾದ ಉಪ್ಪಿನಕಾಯಿ, ಕೊರಟಗೆರೆಯ ಡಾಕ್ಟರು, ಯಾವುದನ್ನೂ ಬಿಡಲಿಲ್ಲ. ಎರಡು ಗಂಟೆ ಕೇಳಿಸಿಕೊಂಡ ಅಜ್ಜಿ ಮೊಮ್ಮಗಳ ಕಡೆ ತಿರುಗಿದರು.

‘ಒಪ್ಕೋ ಕಣಮ್ಮಾ, ಒಳ್ಳೇ ಹುಡ್ಗ. ಆದ್ರೆ ಇನ್ನೊಂದ್ ಸಲ ಬಾಯಿ ಹುಣ್ಣಾದ್ರೆ, ಸೊಪ್ಪು ಕೊಡಾಕೆ ಇಷ್ಟು ಅವಸ್ರ ಮಾಡ್ಬ್ಯಾಡ.’