ಪೆನಿಯಾಮಿನನ ಗುಂಡಿಗೆ ಪರೀಕ್ಷೆ

ಸುಲಿಯೆತಿ ಆ ಮಾತನ್ನು ಅಂಗಡಿಯಲ್ಲಿ ಆಡಬಾರದಿತ್ತು. ಆಡಿದ್ದಾದರೂ ಎಷ್ಟು? ಡಬ್ಬಿ ಮೀನು ಕೊಳ್ಳುವಾಗ, "ನಾಳೆ ನಮ್ಮ ಪೆನಿಗೆ ಆಸ್ಪತ್ರೇಲಿ ಗುಂಡಿಗೆ ಪರೀಕ್ಷೆ" ಎಂದಷ್ಟೇ. ಆದರೆ ಸವಾಯಿ ದ್ವೀಪದ ಆ ಊರಿನಲ್ಲಿ ಕಂಬದ ಮೇಲೆ ಸೂರು ಹೊದಿಸಿದ ಮನೆಗಳಿಗೇ ಗೋಡೆಯಿಲ್ಲ, ಇನ್ನು ಮಾತಿಗೆಲ್ಲಿಯ ಗೋಡೆ? ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಚರ್ಚಿನ ಹಿತ್ತಲು ದಾಟಿ, ಊರ ಹಿರಿಯ ಯಜಮಾನ ತುಯಿಮಾಲು ಅವರ ಚಾಪೆಯ ಮೇಲೆ ಹೋಗಿ ಕೂತಿತ್ತು.

ಅವಳ ಗಂಡ ಪೆನಿಯಾಮಿನ ಕೆಸುವಿನ ಗೆಡ್ಡೆ ಬೆಳೆಯುವವನು. ಯಾರ ತಂಟೆಗೂ ಹೋಗದ, ಯಾವ ಪದವಿಯೂ ಇಲ್ಲದ ಪಾಪದ ಆಸಾಮಿ. ಹೊಟ್ಟೆಯ ಗೋಡೆ ಸಡಿಲಾಗಿ ಹೊಕ್ಕುಳ ಪಕ್ಕದಲ್ಲಿ ಪಪ್ಪಾಯಿಯಷ್ಟು ದೊಡ್ಡ ಹರ್ನಿಯಾ ಜೋತುಬಿದ್ದಿತ್ತು. ಗೆಡ್ಡೆಯ ಬುಟ್ಟಿ ಹೊರುವಂತಿಲ್ಲ, ದೋಣಿಗೆ ಹುಟ್ಟು ಹಾಕುವಂತಿಲ್ಲ, ಸೀನು ಬಂದರೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ದೇವರನ್ನು ನೆನೆಯಬೇಕು. ಅದನ್ನು ಕೊಯ್ದು ಹೊಲಿಯಲು ನ್ಯೂಜಿಲೆಂಡಿನಿಂದ ಡಾಕ್ಟರುಗಳ ತಂಡ ವರ್ಷಕ್ಕೊಮ್ಮೆ ಬರುತ್ತದೆ. ಹೋದ ವರ್ಷ ಅವನನ್ನು ಆಪರೇಷನ್ ಕೋಣೆಯ ಬಾಗಿಲವರೆಗೆ ಕರೆದುಕೊಂಡು ಹೋಗಿ ವಾಪಸು ಕಳಿಸಿದ್ದರು. ಎದೆಯ ಕಾಗದದಲ್ಲಿ ಗೆರೆ ಎಲ್ಲೋ ಸೊಟ್ಟಗಿತ್ತಂತೆ. ಇಷ್ಟು ದೊಡ್ಡ ಆಪರೇಷನ್ನನ್ನು ಈ ಗುಂಡಿಗೆ ತಾಳೀತೆಂದು ಯಾರಾದರೂ ಖಾತ್ರಿ ಕೊಡಬೇಕು ಅಂದರು.

ಈ ವರ್ಷ ಖಾತ್ರಿ ಕೊಡುವವರು ಸಿಕ್ಕಿದ್ದರು. ಡಾಕ್ಟರ್ ಲನುವೋಲಾ ಅದೇ ದ್ವೀಪದ ಹೆಣ್ಣುಮಗಳು. ಹೊರದೇಶದಲ್ಲಿ ಹೃದಯದ ವಿದ್ಯೆ ಕಲಿತು, ಅಲ್ಲೇ ಉಳಿದು ಸುಖವಾಗಿರಬಹುದಾಗಿದ್ದರೂ ಊರಿಗೆ ಮರಳಿದವಳು. ಆಕೆ ಎದೆಗೆ ಕೊಳವೆ ಇಟ್ಟು ಕಣ್ಣು ಮುಚ್ಚಿದರೆ ಇಡೀ ವಾರ್ಡು ಉಸಿರು ಬಿಗಿಹಿಡಿಯುತ್ತಿತ್ತು. ತಂಡ ಆಗಲೇ ಬಂದಿಳಿದಿತ್ತು. ಆಕೆ ಹೂಂ ಅಂದರೆ ಮರುದಿನವೇ ಆಪರೇಷನ್, ಊಹೂಂ ಅಂದರೆ ಮತ್ತೊಂದು ವರ್ಷ ಹೊಟ್ಟೆ ಹಿಡಿದುಕೊಂಡು ಸೀನಬೇಕು.

ಬೆಳಿಗ್ಗೆ ಪೆನಿಯಾಮಿನ ಬಸ್ಸು ಹತ್ತಲು ಹೋದಾಗ ಊರಿಗೆ ಊರೇ ಅದರೊಳಗಿತ್ತು. ಒಬ್ಬರ ತೊಡೆಯ ಮೇಲೆ ಒಬ್ಬರು, ಅವರ ತೊಡೆಯ ಮೇಲೆ ಸುತ್ತಿದ ಚಾಪೆಗಳು, ಚಾಪೆಗಳ ಮೇಲೆ ಬೆಂದ ದೀವಿಹಲಸಿನ ಬುಟ್ಟಿ. ಮುಂದಿನ ಸೀಟಿನಲ್ಲಿ ತುಯಿಮಾಲು ಯಜಮಾನರು. ಅವರ ಪಕ್ಕದಲ್ಲಿ, ಸಭೆಗಳಲ್ಲಿ ಅವರ ಪರವಾಗಿ ಮಾತಾಡುವ ಅಪೇಲು, ತನ್ನ ಎತ್ತರದ ಕೋಲನ್ನು ಕಿಟಕಿಯಿಂದ ಹೊರಗೆ ಚಾಚಿ ಕೂತಿದ್ದ.

"ಇದೆಲ್ಲಾ ಏನು?" ಎಂದು ಪೆನಿಯಾಮಿನ ಹೆಂಡತಿಯ ಕಿವಿಯಲ್ಲಿ ಕೇಳಿದ.

"ನನ್ನೇನ್ ಕೇಳ್ತೀಯ? ನಾನು ಮೀನು ತರಕ್ಕೆ ಹೋಗಿದ್ದೆ ಅಷ್ಟೇ."

"ಲೋ ಪೆನಿ, ಒಬ್ಬನೇ ಹೋಗ್ತೀಯೇನೋ, ನಿನಗೇನು ಹಿಂದೆ ಮುಂದೆ ಯಾರೂ ಇಲ್ವಾ?" ಎಂದು ಅಪೇಲು ಗದರಿದ. "ನಿನ್ನ ಗುಂಡಿಗೆ ಅಂದ್ರೆ ಊರಿನ ಗುಂಡಿಗೆ. ಹತ್ತು, ಹತ್ತು!"

ಆಸ್ಪತ್ರೆಯ ಉದ್ದನೆಯ ಜಗಲಿಯಲ್ಲಿ ಲನುವೋಲಾ ಅವನ ಬೆರಳಿಗೆ ನಾಡಿ ಎಣಿಸುವ ಚಿಮಟಿ ಸಿಕ್ಕಿಸಿದಳು.

"ನೋಡಪ್ಪಾ, ಮಲಗಿರೋ ಗುಂಡಿಗೆ ನಿಜ ಹೇಳಲ್ಲ. ಕಾಲು ದುಡಿಯೋವಾಗ ಬಾಯಿಬಿಡುತ್ತೆ. ಆಪರೇಷನ್ ಅಂದ್ರೆ ಮೈಗೆ ಬೆಟ್ಟ ಹತ್ತಿದಷ್ಟು ಆಯಾಸ. ಅಲ್ಲಿ ಕೈಕೊಡೋ ಗುಂಡಿಗೇನ ಇಲ್ಲೇ ಹಿಡೀಬೇಕು. ಈ ತುದಿಯಿಂದ ಆ ತುದಿಗೆ ಆರು ನಿಮಿಷ ನಡಿ. ಎಷ್ಟು ಜೋರಾಗಿ ಆಗುತ್ತೋ ಅಷ್ಟು."

"ಅಷ್ಟೇನಾ ಡಾಕ್ಟ್ರೇ?" ಪೆನಿಯಾಮಿನನಿಗೆ ನಗು ಬಂತು. ನಕ್ಕು ತಿರುಗಿ ನೋಡಿದವನ ಮುಖ ಹಾಗೇ ಇಳಿದುಹೋಯಿತು.

ಜಗಲಿಯ ಎರಡೂ ಬದಿಗೆ ಚಾಪೆ ಹಾಸಿ ಊರು ಕೂತಾಗಿತ್ತು. ಒಂದು ಬದಿಗೆ ಯಜಮಾನರುಗಳು, ಇನ್ನೊಂದು ಬದಿಗೆ ಅವರ ಮನೆಯ ಹೆಂಗಸರು. ಕೂತ ಹಿರಿಯರ ಮುಂದೆ ನೆಟ್ಟಗೆ ನಡೆದು ಹೋಗುವವನನ್ನು ಆ ದ್ವೀಪದಲ್ಲಿ ಹೆತ್ತವರು ಸರಿಯಾಗಿ ಬೆಳೆಸಿಲ್ಲ ಎಂದೇ ಅರ್ಥ. ಸೊಂಟ ಬಗ್ಗಿಸಿ, ಕೈ ಇಳಿಬಿಟ್ಟು, ಒಬ್ಬೊಬ್ಬರಿಗೂ "ತುಲೋ, ತುಲೋ" ಎಂದು ಕ್ಷಮೆ ಕೇಳುತ್ತ ಸಾಗಬೇಕು.

"ಶುರು ಮಾಡು," ಎಂದಳು ಲನುವೋಲಾ.

ಪೆನಿಯಾಮಿನ ಬಗ್ಗಿದ. "ತುಲೋ... ತುಲೋ ಯಜಮಾನ್ರೇ... ತುಲೋ ಅಮ್ಮಾ..." ಹರ್ನಿಯಾ ಹೊಟ್ಟೆಯ ಕೆಳಗೆ ಗಂಟೆಯಂತೆ ತೂಗಾಡಿತು. ಒಂದು ಸುತ್ತಿಗೇ ಮುಖ ಕೆಂಪಾಯಿತು. ಎರಡನೆಯ ಸುತ್ತಿಗೆ ಏದುಸಿರು ಬಂತು. ಚಿಮಟಿಯಲ್ಲಿ ನಾಡಿ ಓಟಕ್ಕೆ ಬಿದ್ದಿತ್ತು, ಕಾಲುಗಳು ಮಾತ್ರ ಆಮೆಯಂತೆ ತೆವಳುತ್ತಿದ್ದವು.

"ಪೆನಿ, ನೆಟ್ಟಗೆ ನಡಿಯಪ್ಪಾ!"

"ಕಾಲು ಕೇಳುತ್ತೆ ಡಾಕ್ಟ್ರೇ, ಬೆನ್ನು ಕೇಳಲ್ಲ!"

ಬಯ್ಯಲು ಅವಳಿಗೂ ಬಾಯಿ ಬರಲಿಲ್ಲ. ಅವಳೂ ಅದೇ ಮಣ್ಣಿನವಳು. ಬೆಳಿಗ್ಗೆ ಆ ಸಾಲಿನ ನಡುವೆ ತಾನೂ ಬಗ್ಗಿಯೇ ಬಂದಿದ್ದಳು. ಆದರೆ ತಂಡದವರು ನೋಡುವುದು ಅಂಕಿಗಳನ್ನು. ಜಗಲಿ ದಾಟಲಾಗದವನಿಗೆ ಅರಿವಳಿಕೆ ಕೊಡುತ್ತಾರೆಯೆ? ಆ ಅಂಕಿಗಳನ್ನು ಅಳಿಸಿ, ಅವನನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದಳು.

ಊರೂ ಚಾಪೆ ಸುತ್ತಿಕೊಂಡು ಹಿಂದೆಯೇ ಬಂತು. ಯಾರಿಗೂ ಕೆಟ್ಟ ಮನಸ್ಸಿಲ್ಲ. ನಮ್ಮ ಹುಡುಗ ಕಷ್ಟದಲ್ಲಿದ್ದಾನೆ, ಬಿಟ್ಟು ಹೋಗುವುದು ಹೇಗೆ ಎಂಬ ಒಂದೇ ಕಳಕಳಿ. ಆದರೆ ಈ ಸಲ ಮರದ ನೆರಳಿನಲ್ಲಿ, ಸ್ವಲ್ಪ ದೂರದಲ್ಲೇ ಕೂತರು. ಪೆನಿಯಾಮಿನನ ಬೆನ್ನು ಅರ್ಧ ನೆಟ್ಟಗಾಯಿತು, ನಡಿಗೆ ಚುರುಕಾಯಿತು. ಲನುವೋಲಾಳ ಮುಖ ಅರಳಿತು.

ಅಷ್ಟರಲ್ಲಿ ಅಪೇಲು ಎದ್ದು ನಿಂತು ಕೋಲನ್ನು ನೆಲಕ್ಕೂರಿದ. ನಡೆಯುವವನಿಗೆ ನಾಲ್ಕು ಹುರುಪಿನ ಮಾತು ಹೇಳಬೇಕೆಂದು ಅವನಿಗೆ ಅನ್ನಿಸಿಬಿಟ್ಟಿತ್ತು. "ಈ ಪೆನಿಯಾಮಿನನ ಮುತ್ತಾತ ಬಿರುಗಾಳೀಲಿ ದೋಣಿ ನಡೆಸಿದ ಗಂಡು..." ಎಂದು ಶುರು ಮಾಡಿದ್ದೇ ತಡ, ಪೆನಿಯಾಮಿನ ನಿಂತಲ್ಲೇ ಕಾಲು ಮಡಿಚಿ, ತಲೆ ತಗ್ಗಿಸಿ ಕೂತುಬಿಟ್ಟ.

"ಯಾಕೋ ಕೂತೆ?" ಲನುವೋಲಾ ಓಡಿಬಂದಳು. "ಎದೆ ನೋವಾ?"

"ಭಾಷಣ ನಡೀತಿದೆ ಡಾಕ್ಟ್ರೇ. ಭಾಷಣ ನಡೀವಾಗ ಓಡಾಡಿದ್ರೆ ಊರಲ್ಲಿ ತಲೆ ಎತ್ತೋ ಹಾಗಿಲ್ಲ."

ಭಾಷಣ ಮುತ್ತಾತನಿಂದ ತಾತನಿಗೆ, ತಾತನಿಂದ ಚಿಕ್ಕತಾತನಿಗೆ ಹರಿಯಿತು. ಆರು ನಿಮಿಷ ಯಾವಾಗಲೋ ಮುಗಿದುಹೋಗಿತ್ತು.

"ಬಿಡಿ ಡಾಕ್ಟ್ರೇ, ನನ್ನ ಹಣೇಲಿ ಬರೆದಿಲ್ಲ," ಎಂದ ಪೆನಿಯಾಮಿನ. ಸುಲಿಯೆತಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಹೋದ ವರ್ಷದಿಂದ ಅವನ ಬುಟ್ಟಿಗಳನ್ನು ಹೊತ್ತವಳು ಅವಳೇ. ಒಂದು ದಿನವೂ ಎತ್ತಿ ಆಡಿರಲಿಲ್ಲ.

ಲನುವೋಲಾ ಅದನ್ನು ನೋಡಿದಳು. ನೇರವಾಗಿ ಹೋಗಿ ತುಯಿಮಾಲು ಯಜಮಾನರ ಎದುರು ಚಾಪೆಯ ಮೇಲೆ ಕಾಲು ಮಡಿಚಿ ಕೂತಳು. "ಯಜಮಾನ್ರೇ, ತಪ್ಪು ತಿಳೀಬೇಡಿ. ಇವನ ಗುಂಡಿಗೇಲಿ ಕೊರತೆ ಇಲ್ಲ ಅಂತ ನನ್ನ ಮನಸ್ಸು ಹೇಳ್ತಿದೆ. ಆದ್ರೆ ನೀವು ಕೂತಿರೋ ತನಕ ಇವನು ಬಗ್ಗೋದು ಬಿಡಲ್ಲ, ಇವನು ಬಗ್ಗೋ ತನಕ ನಾನು ಹೂಂ ಅನ್ನಕ್ಕಾಗಲ್ಲ."

ಊರ ಹಿರಿಯನಿಗೆ ಹೀಗೆ ಹೇಳುವುದೆ? ಅಪೇಲುವಿನ ಬಾಯಿ ಕೂಡ ತೆರೆದಲ್ಲೇ ನಿಂತಿತು.

ತುಯಿಮಾಲು ಬೀಸಣಿಗೆ ಕೆಳಗಿಟ್ಟರು. "ಅಷ್ಟೇನಾ ಮಗಳೇ? ಮೊದಲೇ ಹೇಳಬಾರದಿತ್ತಾ?" ಎಂದು ನೆಲಕ್ಕೆ ಕೈಯೂರಿ, ಭಾರದ ಮೈಯನ್ನು ನಿಧಾನವಾಗಿ ಮೇಲೆತ್ತಿ ನಿಂತರು. ಯಜಮಾನರು ನಿಂತ ಮೇಲೆ ಉಳಿದವರು ಕೂತಿರುವುದುಂಟೆ? ಊರಿಗೆ ಊರೇ ಎದ್ದು ನಿಂತಿತು. "ನಡಿಯೋ ಪೆನಿ. ಈಗ ನೀನು ಯಾರಿಗೂ ಬಗ್ಗಬೇಕಿಲ್ಲ. ಅಪೇಲು, ನೀನು ಸುಮ್ಮನಿರು."

ಗೆಡ್ಡೆ ಕೀಳುವ ಒಬ್ಬ ರೈತನಿಗಾಗಿ ಅಂಥ ಮನುಷ್ಯ ಎದ್ದು ನಿಂತದ್ದನ್ನು ಆ ದ್ವೀಪ ಅದಕ್ಕೆ ಮೊದಲು ಕಂಡಿರಲಿಲ್ಲ. ಪೆನಿಯಾಮಿನ ಹೊರಟ. ಎದೆಯೆತ್ತಿ, ಕೈ ಬೀಸಿ, ಹರ್ನಿಯಾವನ್ನು ಒಂದು ಕೈಯಲ್ಲಿ ಒತ್ತಿಕೊಂಡು ಅಂಗಳದ ಉದ್ದಕ್ಕೂ ಹೋದ, ಬಂದ, ಮತ್ತೆ ಹೋದ. ಹೆಂಗಸರು ತಾಳ ಹಾಕಿದರು. ಸಮಯ ಮುಗಿದಾಗ ಲನುವೋಲಾ ಚಿಮಟಿ ನೋಡಿದಳು, ಎದೆಗೆ ಕೊಳವೆ ಇಟ್ಟು ಕಣ್ಣು ಮುಚ್ಚಿದಳು, ನಕ್ಕಳು.

"ಇದು ಗುಂಡಿಗೆ ಅಲ್ಲಪ್ಪಾ, ದೋಣಿ! ನಾಳೆ ನಿನಗೆ ಆಪರೇಷನ್."

ಅಂಗಳದಲ್ಲಿ ಕೇಕೆ ಎದ್ದಿತು. ಸುಲಿಯೆತಿ ಎಲ್ಲರ ಎದುರಿಗೇ ಗಂಡನನ್ನು ತಬ್ಬಿಕೊಂಡಳು. ಆದರೆ ಲನುವೋಲಾ ಆ ಕಡೆ ನೋಡಲೇ ಇಲ್ಲ. ಆಕೆಯ ಕಣ್ಣು ತುಯಿಮಾಲು ಅವರ ಮೇಲೆ ನೆಟ್ಟಿತ್ತು. ಯಜಮಾನರು ಮರಕ್ಕೆ ಒರಗಿದ್ದರು. ತುಟಿ ನೀಲಿಗಟ್ಟಿತ್ತು, ಕತ್ತಿನ ನರ ಉಬ್ಬಿ ಹೊಡೆದುಕೊಳ್ಳುತ್ತಿತ್ತು.

"ಏನಿಲ್ಲ ಮಗಳೇ, ಬಿಸಿಲು," ಎಂದರು.

"ಬಿಸಿಲಲ್ಲ," ಎಂದು ಲನುವೋಲಾ ಅವರನ್ನು ಹಿಡಿದು ಕೂರಿಸಿದಳು. ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದಳು. ಹೃದಯದ ಕವಾಟ ಎಂದೋ ಕೆಟ್ಟಿತ್ತು, ಎದೆಯಲ್ಲಿ ನೀರು ತುಂಬಿತ್ತು. ಇನ್ನು ಸ್ವಲ್ಪ ದಿನ ಹಾಗೇ ಬಿಟ್ಟಿದ್ದರೆ ಯಜಮಾನರು ಚಾಪೆಯಿಂದ ಏಳುತ್ತಿರಲಿಲ್ಲ. ಸದಾ ಕೂತೇ ಇರುವವರ ಎದೆಯ ಸ್ಥಿತಿ ಯಾರಿಗೆ ಗೊತ್ತಾಗಬೇಕು? ಅವಳು ಕೂಗಿದ ಕೂಗಿಗೆ ನರ್ಸುಗಳು ಗಾಲಿಮಂಚ ತಳ್ಳಿಕೊಂಡು ಓಡಿಬಂದರು.

ಸಂಜೆ ಲನುವೋಲಾ ಹೊರಗೆ ಬಂದಾಗ ಊರೆಲ್ಲ ಇನ್ನೂ ಚಾಪೆಯ ಮೇಲೇ ಕೂತಿತ್ತು. "ಉಳ್ಕೊಂಡ್ರು," ಎಂದಳು. ಆಮೇಲೆ ಪೆನಿಯಾಮಿನನನ್ನು ಪಕ್ಕಕ್ಕೆ ಕರೆದು, ತುಂಬ ಸಂಕೋಚದಿಂದ ಹೇಳಿದಳು. "ನಿನ್ನ ಆಪರೇಷನ್ ಆದ್ಮೇಲೆ ಹಗಲು ರಾತ್ರಿ ಕಣ್ಣಿಟ್ಟು ನೋಡ್ಕೊಳ್ಳೋ ಹಾಸಿಗೆ ಬೇಕಿತ್ತು. ಅಂಥದ್ದು ನಮ್ಮಲ್ಲಿರೋದು ಒಂದೇ. ಅದರಲ್ಲೀಗ ಯಜಮಾನ್ರಿದಾರೆ. ಅವರು ಏಳೋಷ್ಟರಲ್ಲಿ ತಂಡ ಹೊರಟಿರುತ್ತೆ."

ಪೆನಿಯಾಮಿನ ಕೋಪ ಮಾಡಿಕೊಳ್ಳೋಣವೆಂದರೆ ಯಾರ ಮೇಲೆ? ತನಗಾಗಿ ನಿಂತು ಬಿದ್ದವರ ಮೇಲೆಯೆ? ಸುಲಿಯೆತಿ ಅವನ ಕೈ ಹಿಡಿದುಕೊಂಡಳು. "ನೀನು ನಡೆದಿದ್ದಕ್ಕೇ ಅವರು ಬದುಕಿದ್ದು, ತಿಳ್ಕೋ. ಬುಟ್ಟಿ ಇನ್ನೊಂದು ವರ್ಷ ನಾನೇ ಹೊರ್ತೀನಿ, ಅದೇನ್ ಮಹಾ," ಎಂದಳು. ಅಂಥ ಹೆಂಡತಿಯ ಎದುರು ಅವನು ಗೊಣಗುವುದಾದರೂ ಹೇಗೆ?

"ಮುಂದಿನ ವರ್ಷಕ್ಕಂತೂ ಇವತ್ತಿನ ಪರೀಕ್ಷೆ ಸಾಕಲ್ವಾ ಡಾಕ್ಟ್ರೇ?" ಎಂದು ಆಸೆಯಿಂದ ಕೇಳಿದ.

"ಇಲ್ಲಪ್ಪಾ, ವರ್ಷ ಕಳೆದ್ರೆ ಗುಂಡಿಗೆ ಬೇರೆ. ಹೊಸದಾಗಿ ನಡೀಬೇಕು."

ಒಳಗಿನಿಂದ ಕರೆ ಬಂತು. ಯಜಮಾನರು ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದರು. ಪೆನಿಯಾಮಿನನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಎಲ್ಲಾ ಕೇಳಿದೆನಪ್ಪಾ. ನನ್ನಿಂದ ನಿನ್ನ ಕೆಲಸ ಕೆಟ್ಟೋಯ್ತು. ಆದ್ರೆ ನೀನೇನೂ ಯೋಚನೆ ಮಾಡ್ಬೇಡ. ಇವತ್ತು ನಮ್ಮೂರಿನೋರು ಮಾತ್ರ ಬಂದಿದ್ವಿ, ಸಾಲದಾಯ್ತು. ಮುಂದಿನ ವರ್ಷ ನೀನು ನಡೆಯೋ ದಿನ ಪಕ್ಕದ ಮೂರೂರಿನ ಯಜಮಾನರನ್ನೂ ಕರ್ಕೊಂಡು ಬರ್ತೀನಿ. ಡಾಕ್ಟ್ರಮ್ಮ ನನಗೆ ನಿಲ್ಲಬಾರದು ಅಂದಿದಾಳೆ. ನಾನು ಕೂತ್ಕೊಂಡೇ ನೋಡ್ತೀನಿ."

ಪೆನಿಯಾಮಿನ ಸೀನು ಬಂದವನಂತೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ. "ದೊಡ್ಡ ಉಪಕಾರ ಯಜಮಾನ್ರೇ," ಎಂದ.