ಆಯಿ ಹೇಳಿದ್ದೇನಂದ್ರೆ…

ಲಕ್ಷ್ಮೀಶನ ಆ ಗುರುವಾರದ ಫಜೀತಿಗೆಲ್ಲ ಮೂಲ, ಅವನ ಆರು ವರ್ಷದ ಮಗಳು ಹೇಮಾಶ್ರೀಗೆ ಎರಡು ಭಾಷೆಗಳು ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದುದು.

ಅವನ ಹೆಂಡತಿ ಇತಿಶ್ರೀ ಒಡಿಶಾದವಳು, ಅರಸೀಕೆರೆ ರೈಲ್ವೆ ನಿಲ್ದಾಣದಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್. ಲಕ್ಷ್ಮೀಶ ಕಣಕಟ್ಟೆ ಕಡೆಯವನು, ಅರಸೀಕೆರೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಮಗು ಹುಟ್ಟಿದಾಗಲೇ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು: ಅಪ್ಪ ಮಗುವಿನ ಹತ್ತಿರ ಕನ್ನಡದಲ್ಲೇ ಮಾತಾಡಬೇಕು, ಅಮ್ಮ ಒಡಿಯಾದಲ್ಲೇ. ಮಗು ಎರಡನ್ನೂ ಕಲಿಯಿತು. ಇತಿಶ್ರೀ ಮದುವೆಯಾದ ವರ್ಷವೇ ಕನ್ನಡ ಕಲಿತಿದ್ದಳು. ಏನೂ ಕಲಿಯದೆ ಉಳಿದವನು ಲಕ್ಷ್ಮೀಶ ಒಬ್ಬನೇ. "ನಮ್ಮನೇಲಿ ಎರಡೆರಡು ಭಾಷೆ ಕಣ್ರೀ" ಎಂದು ಊರೆಲ್ಲ ಜಂಬ ಕೊಚ್ಚುತ್ತಿದ್ದವನೂ ಅವನೇ.

ಬುಧವಾರ ರಾತ್ರಿ ಅತ್ತೆ ಬಂದಿಳಿದರು. ಕಟಕ್ ಹತ್ತಿರದ ಹಳ್ಳಿಯವರು, ಒಡಿಯಾ ಬಿಟ್ಟರೆ ಬೇರೆ ಭಾಷೆಯ ಗಾಳಿಯೂ ಸೋಕದವರು. ಈ ಮದುವೆಗೆ ಒಲ್ಲೆ ಎಂದು ಹಟ ಹಿಡಿದಿದ್ದವರು ಈಗ ಮೊದಲ ಸಲ ಅಳಿಯನ ಮನೆ ಹೊಸ್ತಿಲು ದಾಟಿದ್ದರು.

"ನಂಗೆ ರಜೆ ಸಿಗಲಿಲ್ಲ. ನೀವು ಅಮ್ಮನ್ನ ಚೆನ್ನಾಗಿ ನೋಡ್ಕೊಳ್ಳಿ. ಇವತ್ತೇನಾದ್ರೂ ಬೇಜಾರು ಮಾಡ್ಕೊಂಡ್ರೆ ಇನ್ನು ಈ ಕಡೆ ತಲೆ ಹಾಕಲ್ಲ," ಎಂದಳು ಇತಿಶ್ರೀ, ಬೆಳಿಗ್ಗೆ ಡ್ಯೂಟಿಗೆ ಹೊರಡುತ್ತಾ.

"ಅವರು ಹೇಳೋದು ನಂಗೆ ಅರ್ಥ ಆಗೋದು ಹೆಂಗೆ?"

"ದಸರಾ ರಜೆ ಅಲ್ವಾ, ಹೇಮಾ ಇದಾಳೆ. ಡ್ಯೂಟೀಲಿ ನಾನು ಫೋನ್ ಎತ್ತಲ್ಲ, ಗೊತ್ತಲ್ಲ?"

ಸಂಘದಲ್ಲಿ ಆಡಿಟ್ ನಡೆಯುತ್ತಿತ್ತು. ಲಕ್ಷ್ಮೀಶ ಕಾರ್ಯದರ್ಶಿ ಉಗ್ರಪ್ಪನವರಿಗೆ ಫೋನ್ ಮಾಡಿ, ಅತ್ತೆ ಹಾಸಿಗೆ ಹಿಡಿದಿದ್ದಾರೆ ಎಂದು ಸುಳ್ಳು ಹೇಳಿ ರಜೆ ಗಿಟ್ಟಿಸಿಕೊಂಡ.

ಕಾಫಿ ಕುಡಿದ ಅತ್ತೆ ಮೊಣಕಾಲು ನೀವಿಕೊಳ್ಳುತ್ತಾ ಏನೋ ಹೇಳಿದರು.

"ಏನಂತೆ ಪುಟ್ಟಿ?"

ಹೇಮಾಶ್ರೀ ಸೂರು ನೋಡಿದಳು, ಅಜ್ಜಿಯನ್ನು ನೋಡಿದಳು. "ಆಯಿಗೆ ಹಳೇಬೀಡು ನೋಡ್ಬೇಕಂತೆ." ಅಮ್ಮನ ಅಮ್ಮ ಅವಳಿಗೆ ಆಯಿ.

"ಇವತ್ತೇನಾ? ನಿನ್ನೆ ತಾನೇ ರೈಲಿಳಿದಿದಾರೆ!"

"ಈಗ್ಲೇ ಅಂತೆ. ಇಲ್ಲಾಂದ್ರೆ ಬೇಜಾರಾಗುತ್ತಂತೆ."

ಬೇಜಾರು ಎಂಬ ಮಾತು ಕೇಳಿದ್ದೇ ಲಕ್ಷ್ಮೀಶ ಪ್ಯಾಂಟು ಹುಡುಕಲು ಎದ್ದ. ಅಷ್ಟರಲ್ಲಿ ಪಕ್ಕದ ಮನೆಯ ರುಕ್ಮಿಣಮ್ಮ ತಟ್ಟೆ ಹಿಡಿದು ಬಂದರು.

"ಬೀಗಿತಿಯಮ್ಮನಿಗೆ ಅಂತ ಬಿಸಿ ಉಪ್ಪಿಟ್ಟು ತಂದಿವ್ನಿ. ಎಂಗೈತೆ ಅಂತ ಕೇಳವ್ವ ನಿಮ್ಮಜ್ಜೀನ."

ಅತ್ತೆ ಒಂದು ತುತ್ತು ತಿಂದು, ಕಷ್ಟಪಟ್ಟು ನಕ್ಕು, ಮೊಮ್ಮಗಳ ಕಿವಿಯಲ್ಲಿ ಮೆಲ್ಲಗೆ ಏನೋ ಉಸುರಿದರು.

"ಉಪ್ಪು ಜಾಸ್ತಿ ಅಂತೆ," ಎಂದಳು ಹೇಮಾಶ್ರೀ ಗಟ್ಟಿಯಾಗಿ. "ನೀವು ಯಾವಾಗ ಹೋಗ್ತೀರಾ ಅಂತಾನೂ ಕೇಳ್ತಿದಾರೆ."

ರುಕ್ಮಿಣಮ್ಮ ಅತ್ತೆಯ ಕೈಯಿಂದ ತಟ್ಟೆ ಕಿತ್ತುಕೊಂಡರು. "ಲಕ್ಷ್ಮೀಶಪ್ಪ, ಚೆನ್ನಾಗ್ ಕಲ್ಸಿದೀಯ ಬುಡು ಮಗೀಗೆ ಭಾಷೇನ!" ಎಂದು ದುರ್ದಾನ ತಗೊಂಡವರಂತೆ ಹೊರಟುಹೋದರು. ಮಧ್ಯಾಹ್ನದೊಳಗೆ ಈ ಸುದ್ದಿ ಬೀದಿಯ ಕೊನೆ ಮನೆಗೂ ತಲುಪುವುದು ಖಂಡಿತ.

ಬಸ್‌ಸ್ಟ್ಯಾಂಡಿನಲ್ಲಿ ಲಕ್ಷ್ಮೀಶನಿಗೆ ಸಣ್ಣ ಅನುಮಾನ ಬಂತು. ಮೊಬೈಲಿನಲ್ಲಿ ಅನುವಾದದ ಆ್ಯಪ್ ತೆರೆದು ಅತ್ತೆಯ ಬಾಯಿಗೆ ಹಿಡಿದ. ಅತ್ತೆ ಕಾಲು ತೋರಿಸಿ ತಮ್ಮ ಹಳ್ಳಿಯ ಒಡಿಯಾದಲ್ಲಿ ಎರಡು ಮಾತಾಡಿದರು. ಫೋನು ತುಂಬ ಹೊತ್ತು ತಡವರಿಸಿ, ಕೊನೆಗೆ ಕನ್ನಡದಲ್ಲಿ ಹೇಳಿತು: "ನನ್ನ ಗೋಡೆ ಚುಚ್ಚುತ್ತಿದೆ."

ಗೋಡೆ! ಹಾಗಾದರೆ ಗುಡಿಯ ಗೋಡೆ ನೋಡುವ ಆಸೆ ನಿಜವೇ. ಲಕ್ಷ್ಮೀಶ ನಿಶ್ಚಿಂತೆಯಿಂದ ಬಸ್ ಹತ್ತಿದ.

ಹಳೇಬೀಡಿನಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಹೇಮಾಶ್ರೀ ಕಲ್ಲಿನ ಆನೆಗಳ ಸಾಲಿನುದ್ದಕ್ಕೂ ಕುಣಿದಾಡಿದಳು. ಹಿಂದೆ ಅತ್ತೆ, ಅವರ ಹಿಂದೆ ಅತ್ತೆಯ ಚೀಲ ಹೊತ್ತ ಲಕ್ಷ್ಮೀಶ. ಒಂದು ಸುತ್ತು ಮುಗಿಸಿ ಅತ್ತೆ ಗುಡಿಯ ಜಗಲಿಯ ಮೇಲೆ ಕುಸಿದು ಕುಳಿತು ಏನೋ ಗೋಗರೆದರು.

"ಇನ್ನೊಂದು ಸುತ್ತು ಬರ್ಬೇಕಂತೆ," ಎಂದಳು ಹೇಮಾಶ್ರೀ. ಆಮೇಲೆ ಅಜ್ಜಿಯ ಕಡೆ ತಿರುಗಿ ಅಪ್ಪನನ್ನು ತೋರಿಸಿ ಒಡಿಯಾದಲ್ಲಿ ಏನೋ ಹೇಳಿದಳು. ಅತ್ತೆ ಅಳಿಯನನ್ನು ಒಮ್ಮೆ ನೋಡಿ, ಹಣೆ ಚಚ್ಚಿಕೊಂಡು ಎದ್ದರು. ಅದು ಭಕ್ತಿ ಎಂದುಕೊಂಡ ಲಕ್ಷ್ಮೀಶ ತಾನೂ ಹಣೆ ಮುಟ್ಟಿಕೊಂಡ.

ಹೊರಗೆ ಬಂದಾಗ ಆಯಿಗೆ ಐಸ್‌ಕ್ರೀಮ್ ಬೇಕಂತೆ ಎಂದಾಯಿತು. ಮೂರು ತಂದ. ಅತ್ತೆ ಹಲ್ಲು ಜುಮ್ಮೆನ್ನುತ್ತದೆಂದು ತಮ್ಮದನ್ನು ಮೊಮ್ಮಗಳಿಗೆ ಕೊಟ್ಟರು. "ಅಪ್ಪಾ, ನಿಂಗೂ ಶೀತ ಆಗುತ್ತೆ, ತಿನ್ಬೇಡ ಅಂತಿದಾರೆ ಆಯಿ." ಅತ್ತೆಯ ಮಾತು ಮೀರುವುದುಂಟೆ? ಮೂರೂ ಹೇಮಾಶ್ರೀಯ ಹೊಟ್ಟೆ ಸೇರಿದವು.

ಅದರ ಬೆನ್ನಿಗೇ ಆಯಿಗೆ ಬೇಲೂರೂ ನೋಡುವ ಬಯಕೆ ಹುಟ್ಟಿತು. ಈ ವಯಸ್ಸಿನಲ್ಲಿ ಇದೆಂಥ ಕಸುವಪ್ಪಾ ಎಂದು ಒಳಗೇ ಹಲ್ಲು ಕಡಿಯುತ್ತಾ ಲಕ್ಷ್ಮೀಶ ಬೇಲೂರು ಬಸ್ಸಿನ ಬಾಗಿಲಲ್ಲಿ ಅತ್ತೆಯನ್ನು ಮೇಲಕ್ಕೆ ನೂಕಿ, ತಾನೂ ಹತ್ತಿ ಕಣ್ಣೆತ್ತಿದರೆ, ಎದುರಿನ ಸೀಟಿನಲ್ಲಿ ಉಗ್ರಪ್ಪನವರು! ಯಾವುದೋ ಸಭೆಗೆಂದು ಹೊರಟಿದ್ದರು.

"ಏನಯ್ಯಾ, ಅತ್ತೆ ಹಾಸಿಗೆ ಹಿಡಿದವ್ರೆ ಅಂದೆ?"

"ಇವರೇ ಸಾರ್ ಅತ್ತೆ. ನಿಜವಾಗ್ಲೂ ಹುಷಾರಿಲ್ಲ. ಸ್ವಲ್ಪ ಗಾಳಿ ಬದಲಾಗ್ಲಿ ಅಂತ…"

ಯಾರೋ ದೊಡ್ಡ ಮನುಷ್ಯರು ತಮ್ಮನ್ನು ವಿಚಾರಿಸುತ್ತಿದ್ದಾರೆಂದು ತಿಳಿದು ಅತ್ತೆಯ ದುಃಖದ ಕಟ್ಟೆ ಒಡೆಯಿತು. ಮೊಣಕಾಲು ಹಿಡಿದರು, ಸೊಂಟ ಹಿಡಿದರು, ತಲೆ ಹಿಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೇ ಸಮನೆ ಹೇಳಿಕೊಂಡರು. ಅರ್ಧ ಬಸ್ಸು ಅಯ್ಯೋ ಪಾಪ ಎಂದಿತು. ಲಕ್ಷ್ಮೀಶನಿಗೆ ಹೋದ ಜೀವ ಬಂತು. ಅತ್ತೆ ಕಾಯಿಲೆಯವರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಏನಂತಾರವ್ವ ನಿಮ್ಮಜ್ಜಿ?" ಎಂದು ಉಗ್ರಪ್ಪ ಮಗುವನ್ನು ಕೇಳಿದರು.

"ಐಸ್‌ಕ್ರೀಮ್ ಸೂಪರ್ ಆಗಿತ್ತಂತೆ. ಬೇಲೂರಾದ್ಮೇಲೆ ಚಿಕ್ಕಮಗಳೂರಿಗೂ ಹೋಗ್ಬೇಕಂತೆ."

"ಮತ್ತೆ ಅಳ್ತಾವ್ರಲ್ಲ?"

"ಖುಷಿಗೆ."

ಉಗ್ರಪ್ಪನವರ ಮುಖ ಗಂಟಿಕ್ಕಿತು. "ನಾಳೆಯಿಂದ ಆಫೀಸ್ ಬೀಗ ತೆಗೆಯೋನೂ ನೀನೇ, ಹಾಕೋನೂ ನೀನೇ. ಈ ವರ್ಷ ಇನ್ನು ರಜೆ ಅಂತ ಬಾಯಿ ಬಿಟ್ಟೀಯ ಹುಷಾರು."

ಸಂಜೆ ಬೇಲೂರನ್ನೂ ಸುತ್ತಿ ಮನೆ ಸೇರುವ ಹೊತ್ತಿಗೆ ಲಕ್ಷ್ಮೀಶ ಕಬ್ಬಿನ ಗಾಣದಿಂದ ಹೊರಬಿದ್ದ ಸಿಪ್ಪೆಯಂತಾಗಿದ್ದ. ಹೇಮಾಶ್ರೀ ಬೂಟು ಬಿಚ್ಚದೆಯೇ ಸೋಫಾದಲ್ಲಿ ನಿದ್ದೆ ಹೋದಳು. ಡ್ಯೂಟಿ ಮುಗಿಸಿ ಬಂದಿದ್ದ ಮಗಳನ್ನು ತಬ್ಬಿಕೊಂಡು ಅತ್ತೆ ಬೆಳಗಿನಿಂದ ಆದದ್ದನ್ನೆಲ್ಲ ತೋಡಿಕೊಂಡರು. ಕೇಳುತ್ತಾ ಕೇಳುತ್ತಾ ಇತಿಶ್ರೀಯ ಕಣ್ಣುಗಳು ಅಗಲವಾದವು.

"ಏನ್ರೀ ಇದು? ಬೆಳಿಗ್ಗೆ ಅಮ್ಮ ಹೇಳಿದ್ದು ಕಾಲು ನೋಯ್ತಿದೆ, ಮಲಗ್ತೀನಿ ಅಂತ. ಬಸ್‌ಸ್ಟ್ಯಾಂಡಲ್ಲಿ ನಿಮ್ಮ ಫೋನಿಗೆ ಹೇಳಿದ್ದೂ ಅದೇ, 'ಗೋಡ' ಅಂದ್ರೆ ಒಡಿಯಾದಲ್ಲಿ ಕಾಲು. ಗುಡಿ ಹತ್ರ ಹೇಳಿದ್ದು ಮನೆಗೆ ಹೋಗೋಣ ಅಂತ. ನಿಮಗೆ ಹಳೇ ಗುಡಿಗಳ ಹುಚ್ಚು, ಜೊತೆಗೆ ಬರದಿದ್ರೆ ಊಟ ಬಿಡ್ತೀರಿ ಅಂತ ಇವಳು ಅಜ್ಜಿಗೆ ಹೇಳಿದಾಳೆ!"

ಲಕ್ಷ್ಮೀಶನಿಗೆ ನಾಚಿಕೆ, ಸಿಟ್ಟು ಎಲ್ಲ ಒಟ್ಟಿಗೇ ಬಂತು. ನಿದ್ದೆ ಹೋದ ಮಗುವನ್ನು ಬೈಯುವುದು ಹೇಗೆ? ನೇರವಾಗಿ ಹೋಗಿ ಅತ್ತೆಯ ಕಾಲಿಗೆ ಬಿದ್ದ.

"ತಪ್ಪಾಯ್ತು ಅಂತ ಹೇಳು ಇತಿ. ಇನ್ಮೇಲೆ ಈ ಹುಡುಗಿ ಮಾತು ನಂಬಲ್ಲ. ನೀನು ಹೇಳಿದ್ದೇ ವೇದವಾಕ್ಯ."

ಇತಿಶ್ರೀ ಹೇಳಿದಳು. ಅತ್ತೆ ನಕ್ಕು, ಅಳಿಯನ ತಲೆ ಸವರಿ, ಎರಡೇ ಎರಡು ಮಾತಾಡಿ, ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಅಬ್ಬಾ, ಏಳು ವರ್ಷದ ಮುನಿಸು ಕರಗಿತು! ಲಕ್ಷ್ಮೀಶ ಆಸೆಯಿಂದ ಹೆಂಡತಿಯ ಮುಖ ನೋಡಿದ.

"ಅಮ್ಮ ಹೇಳಿದ್ದೇನಂದ್ರೆ," ಎಂದು ಇತಿಶ್ರೀ ಗಂಟಲು ಸರಿಮಾಡಿಕೊಂಡಳು, "ಕೋಪ ಇಲ್ಲವಂತೆ. ದೀಪಾವಳಿವರೆಗೂ ಇಲ್ಲೇ ಇರ್ತಾರಂತೆ. ನಾನು ಡ್ಯೂಟಿ ಮಾಡಿ ಮಾಡಿ ಸೊರಗಿದೀನಂತೆ, ಅದಕ್ಕೆ ಬೆಳಗಿನ ತಿಂಡಿ ನೀವೇ ಮಾಡ್ಬೇಕಂತೆ. ಬಟ್ಟೆ ಒಣಗಿಸೋದೂ ನೀವೇ ಅಂತೆ. ಆಮೇಲೆ, ಶನಿವಾರ ಸಂಜೆ ಇಸ್ಪೀಟಿಗೆ ಹೋಗೋದು ನಿಲ್ಲಿಸ್ಬೇಕಂತೆ."

"ಅವರು ಆಡಿದ್ದು ಎರಡೇ ಮಾತಲ್ವೇನೇ?"

"ನಮ್ಮ ಭಾಷೆ ಹಾಗೇ ರೀ. ಸ್ವಲ್ಪದ್ರಲ್ಲೇ ತುಂಬಾ ಅರ್ಥ."

"ಅಲ್ಲ ಕಣೇ, ನಿನ್ನೆ ರಾತ್ರಿ ಬಂದೋರಿಗೆ ನಾನು ಇಸ್ಪೀಟಾಡೋದು ಹೆಂಗೆ ಗೊತ್ತಾಯ್ತು?"

ಅಷ್ಟರಲ್ಲಿ ಅತ್ತೆ ನಿದ್ದೆಗಣ್ಣಿನಲ್ಲೇ ಮತ್ತೇನೋ ಗೊಣಗಿದರು. ಇತಿಶ್ರೀ ಬಾಯಿ ತೆರೆದಳು. ಅವಳು ಅದನ್ನು ಕನ್ನಡಕ್ಕೆ ತರುವ ಮೊದಲೇ ಲಕ್ಷ್ಮೀಶ ಎದ್ದು, ಅಕ್ಕಿ ಉದ್ದು ನೆನೆಹಾಕಲು ಅಡುಗೆಮನೆಗೆ ಓಡಿದ.